ಒಲೆಯಿಂದ ಎದ್ದು ಬಂದ ಬಳ್ಳಿ

ಕೈತೋಟದ ಹುಚ್ಚು ಹೊಸದು. ರಾಯಚೂರಿನ ನಮ್ಮ ಮಾಳಿಗೆಯ ಮೇಲೆ ಸೀಮೆಸುಣ್ಣದಿಂದ ಚೌಕ ಎಳೆದು, ಬದನೆ ಇಲ್ಲಿ, ಹೀರೆ ಅಲ್ಲಿ ಎಂದು ಬರೆಯುತ್ತಿದ್ದೆ. ಕುಂಡಗಳಿಗೆ ತಂದ ಸಗಣಿಗೊಬ್ಬರದ ಚೀಲ ಬಿಚ್ಚಿದ್ದೇ ತಡ, ಆ ವಾಸನೆ ನನ್ನನ್ನು ಮಾನ್ವಿಯ ಅಜ್ಜಿಯ ಹಿತ್ತಲಿಗೆ ಒಯ್ದಿತು.

ಅಜ್ಜಿ ತರಕಾರಿ ಬೀಜಗಳನ್ನು ಹಸಿ ಸಗಣಿಯಲ್ಲಿ ಒತ್ತಿ, ಗೋಡೆಗೆ ಬಡಿದು ಒಣಗಿಸುತ್ತಿದ್ದಳು, ಹುಳ ಮುಟ್ಟುತ್ತಿರಲಿಲ್ಲ. ದೇವದುರ್ಗದಿಂದ ಆಗಷ್ಟೇ ಸೊಸೆಯಾಗಿ ಬಂದಿದ್ದ ಚಿಕ್ಕಮ್ಮ ಒಂದು ದಿನ ಅವಸರದಲ್ಲಿ ಅದನ್ನೇ ಉರುವಲಿನ ಕುಳ್ಳೆಂದು ಒಲೆಗೆ ಹಾಕಿಬಿಟ್ಟಳು. ಬೀಜಗಳು ಪಟಪಟ ಸಿಡಿದವು. ಅಜ್ಜಿ ಓಡಿ ಬಂದು ಅರೆಸುಟ್ಟ ತುಂಡೊಂದನ್ನು ಎಳೆದು, ಬಚ್ಚಲ ನೀರು ಹರಿಯುವಲ್ಲಿ ಹೂತಳು.

"ಯವ್ವಾ, ಅದರಾಗ ಯಾವ ಬೀಜ ಅದಾವು?" ಎಂದು ಅಜ್ಜಿಯನ್ನು ಕೇಳಿದೆ.

"ನನಗೂ ನೆನಪಿಲ್ಲಲೇ. ಬಂದಾಗ ನೋಡೋಣು."

ಅಳುತ್ತಿದ್ದ ಚಿಕ್ಕಮ್ಮ ಮರುದಿನದಿಂದ ಎಲ್ಲರಿಗಿಂತ ಮೊದಲೆದ್ದು ಅಲ್ಲಿ ಬಗ್ಗಿ ನೋಡತೊಡಗಿದಳು. ಒಂದೇ ಒಂದು ಬಳ್ಳಿ ಬಂತು. ಹೀರೆಯೋ ಕುಂಬಳವೋ ಎಂದು ಮನೆಯೆಲ್ಲ ವಾದ. ಬಿಳಿ ಹೂ ಬಿಟ್ಟ ಮೇಲೆಯೇ ಸೋರೆ ಎಂದು ತಿಳಿದದ್ದು. ಮೊದಲ ಕಾಯನ್ನು ಅಜ್ಜಿ ಚಿಕ್ಕಮ್ಮನ ಕೈಯಿಂದಲೇ ಕೊಯ್ಯಿಸಿದಳು.

ಮಾಳಿಗೆಯ ಮೇಲೆ ಬಂದ ಹೆಂಡತಿ ಕೇಳಿದಳು: "ಈ ಖಾಲಿ ಚೌಕದಾಗ ಏನು ಹಾಕ್ತೀರಿ?"

ಉಳಿದ ಬೀಜಗಳನ್ನೆಲ್ಲ ಅಂಗೈಯಲ್ಲಿ ಬೆರೆಸಿ, ಅವಳ ಮುಂದೆ ಚಾಚಿದೆ.

"ಕಣ್ಣು ಮುಚ್ಚಿ ಒಂದು ತಗೋ. ಬಂದಾಗ ನೋಡೋಣು."