ಅಕ್ಕನಿಗಾಗಿ ನಾನು ಕೇಳಿದ ಪ್ರಾರ್ಥನೆ

ಬಹಳ ದಿನ ಮೂಲೆಯಲ್ಲಿ ಬಿದ್ದಿದ್ದ ಆಂಪ್ಲಿಫೈಯರಿಗೆ ಮತ್ತೆ ಕರೆಂಟು ಕೊಟ್ಟರೆ ಒಂದು ವಾಸನೆ ಬರುತ್ತದೆ. ಒಳಗೆ ಕೂತ ಧೂಳು ಬಿಸಿಗೆ ಕಮರುವ ವಾಸನೆ. ಮಳೆಗಾಲ ಕಳೆದ ಮೇಲೆ ಮೊದಲ ಸಲ ಇಸ್ತ್ರಿಪೆಟ್ಟಿಗೆ ಕಾಯಿಸಿದಾಗ ಬರುತ್ತದಲ್ಲ, ಹೆಚ್ಚುಕಡಿಮೆ ಹಾಗೇ. ನೀವು ಅದನ್ನು ಗಮನಿಸಿರಲಿಕ್ಕಿಲ್ಲ. ನೀವು ಸಭೆಯಲ್ಲಿ ಕುರ್ಚಿಯ ಮೇಲೆ ಕೂರುವವರು, ನಾನು ಗೋಡೆಗೆ ಒರಗಿ ಪೆಟ್ಟಿಗೆಯ ಪಕ್ಕ ಕೂರುವವನು. ಬೀರೂರಿನಲ್ಲಿ ನನ್ನದೊಂದು ಮೈಕ್ ಸೆಟ್ಟಿನ ಅಂಗಡಿ ಇದೆ. ಈ ಸಲ ಚಳಿ ಶುರುವಾದಾಗ, ಬಾಡಿಗೆಗೆ ಕೊಡುವುದನ್ನು ಬಿಟ್ಟಿದ್ದ ಹಳೆಯ ಪೆಟ್ಟಿಗೆಯೊಂದನ್ನು ಅಟ್ಟದಿಂದ ಇಳಿಸಿ ಪ್ಲಗ್ ಹಾಕಿದೆ. ಆ ವಾಸನೆ ಬಂತು. ಅದರ ಹಿಂದೆಯೇ ತರೀಕೆರೆಯ ಒಂದು ಸಭೆಯ ಹಾಲ್, ಅದರ ಸುಣ್ಣದ ಗೋಡೆ, ಅಲ್ಲಿ ನಾನು ಬಾಯಿಬಿಡದೆ ಕಳೆದ ಒಂದು ಗಳಿಗೆ, ಎಲ್ಲವೂ ಬಂದವು.

ನನ್ನ ಓದು ಎಂಟನೇ ಕ್ಲಾಸಿಗೆ ನಿಂತಿತು. ನಿಂತಿತು ಅನ್ನುವುದು ಮರ್ಯಾದೆಗೆ ಹೇಳುವ ಮಾತು. ಎಂಟನೇ ಕ್ಲಾಸು ನನ್ನನ್ನು ದಾಟಲು ಬಿಡಲಿಲ್ಲ. ಆದರೆ ಭಾಷಣ ಕೇಳುವುದರಲ್ಲಿ ನನ್ನನ್ನು ಮೀರಿಸುವವರು ಕಡೂರು ತಾಲ್ಲೂಕಿನಲ್ಲಿ ಕಡಿಮೆ. ಮಠದ ಪ್ರವಚನ, ಬುದ್ಧ ಪೂರ್ಣಿಮೆಯ ಉಪನ್ಯಾಸ, ಸಹಕಾರ ಸಂಘದ ಜಗಳ, ನಿವೃತ್ತರಿಗೆ ಸನ್ಮಾನ, ಎಲ್ಲವನ್ನೂ ಪೂರ್ತಿ ಕೇಳಿದ್ದೇನೆ, ಮಧ್ಯದಲ್ಲಿ ಎದ್ದು ಹೋಗುವ ಅನುಕೂಲ ಇಲ್ಲದ್ದರಿಂದ. ನಮ್ಮದು ಚರ್ಚಿಗೆ ಹೋಗುವ ಮನೆ, ಆದರೆ ಮೈಕು ಎಲ್ಲರ ಮನೆಗೂ ಹೋಗುತ್ತದೆ. ಇಷ್ಟು ವರ್ಷದಲ್ಲಿ ನಾನು ಅದರೊಳಗೆ ಆಡಿದ ಮಾತು "ಹಲೋ, ಚೆಕ್, ಚೆಕ್" ಅಷ್ಟೇ. ಒಂದೇ ಒಂದು ಸಲ ಅದಕ್ಕಿಂತ ಹೆಚ್ಚು ಮಾತಾಡಿದೆ.

ಅಕ್ಕ ಸುಗುಣ ಕಡೂರಿನಲ್ಲಿದ್ದಾಳೆ. ಭಾವ ರೈಲ್ವೆಯಲ್ಲಿದ್ದರು, ಹೋಗಿಬಿಟ್ಟರು. ಮಕ್ಕಳಿಲ್ಲ. ಅಪ್ಪ ಅಮ್ಮನೂ ಇಲ್ಲದ ಮೇಲೆ ಅವಳಿಗೆ ನಾನು, ನನಗೆ ಅವಳು ಎಂದು ನಾನು ತಿಳಿದುಕೊಂಡಿದ್ದೆ. ಅಕ್ಕ ಕಥೆ ಬರೆಯುತ್ತಿದ್ದಳು. ನಮ್ಮ ಚರ್ಚುಗಳಲ್ಲಿ ಓದುವ ಒಂದು ಸಣ್ಣ ಮಾಸಪತ್ರಿಕೆಯಲ್ಲಿ ಅವು ಬರುತ್ತಿದ್ದವು. ಮಗ ಮುನಿಸಿಕೊಂಡು ಮನೆ ಬಿಡುತ್ತಾನೆ, ತಾಯಿ ಸೊರಗುತ್ತಾಳೆ, ಕೊನೆಯ ಪ್ಯಾರಾದಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಾಳೆ, ಬಾಗಿಲು ತಟ್ಟಿದ ಸದ್ದಾಗುತ್ತದೆ. ತಟ್ಟಿದವನು ಯಾರೆಂದು ನನಗೆ ಮೊದಲೇ ಗೊತ್ತಿರುತ್ತಿತ್ತು. ಆದರೂ ಪ್ರತಿ ಸಲ ಕಣ್ಣು ಒದ್ದೆಯಾಗುತ್ತಿತ್ತು.

ಆ ಪತ್ರಿಕೆಯವರು ವರ್ಷಕ್ಕೊಮ್ಮೆ ತರೀಕೆರೆಯಲ್ಲಿ, ಚರ್ಚಿನ ಹಿಂದಿನ ಹಾಲಿನಲ್ಲಿ, ಕ್ರೈಸ್ತ ಕಥೆಗಾರರ ಸಮ್ಮೇಳನ ಮಾಡುತ್ತಾರೆ. ಹೆಸರು ದೊಡ್ಡದು. ಬರುವ ಜನ ಎಷ್ಟೆಂದರೆ, ಮೈಕೇ ಬೇಕಾಗುವುದಿಲ್ಲ. ಆದರೆ ಮೈಕಿಲ್ಲದಿದ್ದರೆ ಅವರಿಗೆ ಸಮ್ಮೇಳನ ಅನ್ನಿಸುವುದಿಲ್ಲ. ಹಾಗಾಗಿ ಅಕ್ಕ ಕಥೆಗಾರ್ತಿಯಾಗಿ ಹೋಗುತ್ತಿದ್ದಳು, ನಾನು ಎರಡು ಹಾರ್ನ್ ಸ್ಪೀಕರ್ ಕಟ್ಟಿಕೊಂಡು ಹೋಗುತ್ತಿದ್ದೆ. ಬರೆಯುವವರೆಂದರೆ ಗಾಳಿ ಕುಡಿದು ಬದುಕುವವರೆಂದು ನನ್ನ ಕಲ್ಪನೆ. ಮೊದಲ ದಿನವೇ ಅವರು ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂದು ಅಡಿಗೆಯವರ ಮೇಲೆ ಜಗಳಕ್ಕೆ ಹೋದದ್ದನ್ನು ನೋಡಿ ಸಮಾಧಾನವಾಯಿತು. ನಿವೃತ್ತ ರೈಲ್ವೆ ಗಾರ್ಡ್ ಒಬ್ಬರು ಪತ್ತೇದಾರಿ ಕಥೆ ಬರೆಯುತ್ತಿದ್ದರು. ಅವರ ಕಥೆಯಲ್ಲಿ ಕಳ್ಳನೇ ಪಶ್ಚಾತ್ತಾಪಪಟ್ಟು ಬಂದು ಒಪ್ಪಿಕೊಂಡುಬಿಡುತ್ತಿದ್ದನಾದ್ದರಿಂದ ಪತ್ತೇದಾರನಿಗೆ ಕೆಲಸವೇ ಇರುತ್ತಿರಲಿಲ್ಲ.

ಅಲ್ಲಿ ಎರಡು ಪದ್ಧತಿಗಳಿವೆ, ಅವನ್ನು ನಿಮಗೆ ಹೇಳಬೇಕು. ಮೊದಲ ದಿನ ಸ್ಟೀಲ್ ಡಬ್ಬಿಯಲ್ಲಿ ಹೆಸರಿನ ಚೀಟಿ ಹಾಕಿ ಎತ್ತುತ್ತಾರೆ, ಒಬ್ಬರಿಗೊಬ್ಬರು ಜೊತೆಯಾಗುತ್ತಾರೆ. ಜೊತೆಯವರು ತಮ್ಮ ತಮ್ಮ ಭಾರ ಹೇಳಿಕೊಂಡು ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಬೇಕು, ಹೊರಗೆ ಬಾಯಿಬಿಡಬಾರದು. ಇನ್ನೊಂದು, ಕೊನೆಯ ಬೆಳಿಗ್ಗೆ ಯಾರು ಬೇಕಾದರೂ ಎದ್ದು ಒಂದು ಪ್ರಾರ್ಥನಾ ವಿಷಯ ಹೇಳಬಹುದು, ಸಭೆಯೆಲ್ಲ ಅದಕ್ಕಾಗಿ ಪ್ರಾರ್ಥಿಸುತ್ತದೆ. ಬೀದಿಯಲ್ಲಿ ಆಡಿದರೆ ಚಾಡಿ ಅನ್ನಿಸಿಕೊಳ್ಳುವ ಮಾತು ಅಲ್ಲಿ ಪ್ರಾರ್ಥನಾ ವಿಷಯವಾಗುತ್ತದೆ. ಯಾರೂ ಅದಕ್ಕೆ ಬೈಯುವುದಿಲ್ಲ.

ಒಂದು ವರ್ಷ ಅಕ್ಕನ ಚೀಟಿಗೆ ಅಜ್ಜಂಪುರದ ಸಲೋಮಿ ಟೀಚರ್ ಜೊತೆಯಾದರು. ಪ್ರೈಮರಿ ಶಾಲೆಯಲ್ಲಿ ಕಲಿಸುವವರು, ಮದುವೆಯಾಗಿರಲಿಲ್ಲ, ನಗು ಜೋರು. ಆಮೇಲಿನ ವರ್ಷಗಳಲ್ಲಿ ಇವರಿಬ್ಬರು ಡಬ್ಬಿಯ ಹತ್ತಿರ ಹೋಗಲೇ ಇಲ್ಲ. ತಾವೇ ಜೊತೆ ಎಂದು ಮಂಡಕ್ಕಿ ಪೊಟ್ಟಣ ಹಿಡಿದು ಹಿಂದಿನ ಕಲ್ಲುಬೆಂಚಿಗೆ ಹೋಗಿ ಕೂರುತ್ತಿದ್ದರು. ಸಂಜೆ ಅಕ್ಕ ನನಗೆ ಮಾಡುತ್ತಿದ್ದ ಫೋನು ಅಜ್ಜಂಪುರಕ್ಕೆ ಹೋಗತೊಡಗಿತು. ನಾನೇ ಮಾಡಿದರೆ ಎಂಗೇಜು. ಇಷ್ಟು ವಯಸ್ಸಿನ ಗಂಡಸು ಅಕ್ಕನ ಗೆಳತಿಯ ಮೇಲೆ ಹೊಟ್ಟೆಕಿಚ್ಚು ಪಡುವುದು ನಗೆಪಾಟಲಿನ ವಿಷಯ. ಅದಕ್ಕೇ ಅದನ್ನು ಯಾರಿಗೂ ಹೇಳಲಿಲ್ಲ, ನನಗೂ ಹೇಳಿಕೊಳ್ಳಲಿಲ್ಲ.

ನಾನು ಹೇಳಬೇಕೆಂದಿರುವ ವರ್ಷ, ಭಾವ ಹೋದ ಮೇಲಿನ ಎರಡನೆಯ ಸಮ್ಮೇಳನ. ಅಕ್ಕ ಹೊಸ ಕಥೆಯೊಂದನ್ನು ತಂದಿದ್ದಳು. ಸಮಾರೋಪದಲ್ಲಿ ಅದನ್ನು ಓದುವುದೆಂದು ನಿಗದಿಯಾಗಿತ್ತು. ಅದರಲ್ಲಿ ಗಂಡ ಸತ್ತ ಹೆಂಗಸೊಬ್ಬಳು ಕೊನೆಯವರೆಗೂ ಮೊಣಕಾಲೂರುವುದಿಲ್ಲವಂತೆ. ಮೊದಲೇ ಓದಿದ್ದ ಸಂಪಾದಕರಿಗೆ ಅದು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಚಹಾದ ಹೊತ್ತಿನಲ್ಲಿ ಮೆತ್ತಗೆ ಎತ್ತಿದರು.

"ಸಿಸ್ಟರ್, ಎಲ್ಲಾ ಚೆನ್ನಾಗಿದೆ. ಕೊನೇಲಿ ಒಂದೇ ಒಂದು ಸಾಲು ದೇವರನ್ನ ತಂದ್ಬಿಡಿ."

ಅಕ್ಕನಿಗಿಂತ ಮೊದಲೇ ಸಲೋಮಿ ಟೀಚರ್ ಬಾಯಿ ಹಾಕಿದರು. "ಸಾರ್, ದೇವ್ರು ಯಾವಾಗ್ಲೂ ಕೊನೇ ಸಾಲಲ್ಲೇ ಕಾಯ್ತಾ ನಿಂತಿರ್ಬೇಕಾ? ಕಾಲು ನೋಯಲ್ವಾ ಅವನಿಗೆ?"

ಗಾರ್ಡ್ ಅವರು ಚಹಾ ನೆತ್ತಿಗೆ ಹತ್ತಿಸಿಕೊಂಡು ಕೆಮ್ಮಿದರು. ಸಂಪಾದಕರೂ ನಕ್ಕರು. ಒಳ್ಳೆಯವರು. "ಆಯ್ತಮ್ಮ, ಹಂಗೇ ಓದ್ಲಿ ಬಿಡಿ" ಅಂದರು.

ಅದೇ ಮಧ್ಯಾಹ್ನ ಹಿಂದಿನ ಹಾರ್ನ್ ಗೊರಗೊರ ಅನ್ನುತ್ತಿತ್ತು. ನಾನು ನೀರಿನ ತೊಟ್ಟಿಯ ಮರೆಯಲ್ಲಿ ಕೂತು ವೈರಿನ ಗಂಟು ಬಿಚ್ಚಿ ನೋಡುತ್ತಿದ್ದೆ. ಆಚೆ ಕಲ್ಲುಬೆಂಚಿನ ಮೇಲೆ ಅವರಿಬ್ಬರು ಬಂದು ಕೂತರು.

"ನಂಗೆ ಪ್ರಾರ್ಥನೆ ಬರ್ತಿಲ್ಲ ಕಣೇ, ಸಲೋಮಿ" ಅಂದಳು ಅಕ್ಕ. "ಅವ್ರು ಹೋದಾಗಿಂದ ಬಂದಿಲ್ಲ. ಚರ್ಚಲ್ಲಿ ಎಲ್ರ ಜೊತೆ ಕಣ್ಮುಚ್ಕೊಂಡು ಕೂತಿರ್ತೀನಿ. ಒಳಗೆ ಏನೂ ಇರಲ್ಲ. ಆಮೇಲೆ ಮನೆಗ್ ಬಂದು ದೇವರ ಕಥೆ ಬರೀತೀನಿ. ಎಂಥಾ ಮೋಸಗಾತಿ ನಾನು."

ಮಂಡಕ್ಕಿ ಪೊಟ್ಟಣ ಬಿಚ್ಚಿದ ಸದ್ದಾಯಿತು.

"ಬರ್ದಿದ್ರೆ ಬಿಡೇ" ಅಂದರು ಟೀಚರ್. "ನಿನ್ ಪಾಲಿಂದೂ ನಾನೇ ಮಾಡ್ತಿರ್ತೀನಿ. ಬಂದಾಗ ಹೇಳು, ನಿಲ್ಲಿಸ್ತೀನಿ."

ಅಕ್ಕ ನಕ್ಕಳು. ಭಾವ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ತೊಟ್ಟಿಯ ಹಿಂದೆ ನನಗೆ ಸಂತೋಷವಾಗಬೇಕಾಗಿತ್ತು. ನನ್ನ ತಲೆಯಲ್ಲಿ ಓಡಿದ್ದೇ ಬೇರೆ: ಇದನ್ನು ನನಗೇಕೆ ಹೇಳಲಿಲ್ಲ?

ಮರುದಿನ ಬೆಳಿಗ್ಗೆ ಪ್ರಾರ್ಥನಾ ವಿಷಯದ ಸಮಯ. ಒಬ್ಬರು ಮೊಮ್ಮಗಳ ಪರೀಕ್ಷೆಗೆ ಕೇಳಿದರು, ಒಬ್ಬರು ಮಂಡಿನೋವಿಗೆ. "ಇನ್ಯಾರಾದ್ರೂ?" ಎಂದು ಚರ್ಚಿನ ಅಯ್ಯನವರು ಮೈಕನ್ನು ನನ್ನ ಕೈಗೆ ಕೊಟ್ಟರು, ಬೇಕಾದವರಿಗೆ ದಾಟಿಸಲೆಂದು. ನಾನು ದಾಟಿಸಲಿಲ್ಲ. ನನ್ನದೇ ದನಿ ಹಾರ್ನಿನಲ್ಲಿ ಕೇಳಿಸಿತು.

"ನಮ್ಮಕ್ಕಂಗೆ ಭಾವ ಹೋದಾಗಿಂದ ಪ್ರಾರ್ಥನೆ ಬರ್ತಿಲ್ಲ. ಒಳಗೊಳಗೇ ಕೊರಗ್ತಾ ಇದಾಳೆ. ಎಲ್ಲಾರೂ ಅವಳಿಗೋಸ್ಕರ ಪ್ರಾರ್ಥನೆ ಮಾಡ್ಬೇಕು."

ಒಳ್ಳೆಯದಕ್ಕೇ ಕೇಳಿದೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಪೂರ್ತಿ ಸುಳ್ಳಲ್ಲ. ಇಡೀ ಸಭೆಯೇ ನನ್ನ ಕಡೆ ತಿರುಗಿದಾಗ ಮೈ ಬೆಚ್ಚಗಾದದ್ದೂ ಸುಳ್ಳಲ್ಲ.

ಯಾರೂ ಅವಳನ್ನು ಹೀನಾಯವಾಗಿ ನೋಡಲಿಲ್ಲ. ಎಲ್ಲರೂ ಪ್ರೀತಿಯಿಂದಲೇ ಎದ್ದು ಬಂದರು, ಸುತ್ತ ನಿಂತರು, ತಲೆಯ ಮೇಲೆ, ಹೆಗಲ ಮೇಲೆ ಕೈ ಇಟ್ಟರು. "ಕರ್ತನೇ, ನಿನ್ನ ಮಗಳ ಬಾಯಿ ತೆರೆಯಿಸು" ಎಂದು ಅಯ್ಯನವರು ಕೂಗಿ ಬೇಡಿದರು. ಅಷ್ಟು ಕೈಗಳ ನಡುವೆ ಅಕ್ಕನ ಮುಖ ನನಗೆ ಕಾಣಲಿಲ್ಲ; ಸೀರೆಯ ಅಂಚು, ಚಪ್ಪಲಿಯಿಲ್ಲದ ಪಾದ ಅಷ್ಟೇ ಕಂಡವು. ಎಲ್ಲ ಮುಗಿದ ಮೇಲೆ ಸಂಪಾದಕರು ಹತ್ತಿರ ಬಂದು ಕರುಣೆಯಿಂದ ಅಂದರು: "ಈ ಸ್ಥಿತೀಲಿ ಓದೋದು ಬೇಡ ಸಿಸ್ಟರ್. ಮುಂದಿನ ವರ್ಷ ನೋಡೋಣ." ಅವಳ ಜಾಗದಲ್ಲಿ ಗಾರ್ಡ್ ಅವರು ತಮ್ಮ ಕಳ್ಳನನ್ನು ಓದಿದರು.

ವರಾಂಡದಲ್ಲಿ ನಾನು ವೈರು ಸುತ್ತುತ್ತಿದ್ದೆ. ಅಕ್ಕ ಸಲೋಮಿ ಟೀಚರನ್ನು ಅಲ್ಲೇ ನಿಲ್ಲಿಸಿದಳು.

"ನೀನೇ ತಾನೇ ಹೇಳಿದ್ದು ಇವನಿಗೆ?"

"ನಿಂಗ್ ಹಂಗನ್ಸುತ್ತಾ, ಸುಗುಣ?"

"ನಿನ್ನೊಬ್ಳಿಗೇ ಕಣೇ ನಾನ್ ಹೇಳಿದ್ದು. ಇನ್ಯಾರ್ ಹೇಳ್ತಾರೆ? ಗೋಡೆ ಹೇಳುತ್ತಾ?"

ಟೀಚರ್ ನನ್ನ ಕಡೆ ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ವೈರನ್ನು ನೋಡಿದರು. ಅದು ನೆಲದ ಮೇಲೆ ಹರಿದು, ಮೆಟ್ಟಿಲಿಳಿದು, ತೊಟ್ಟಿಯನ್ನು ಬಳಸಿ, ಕಲ್ಲುಬೆಂಚಿನ ಬೆನ್ನಿಗೇ ಹೋಗಿತ್ತು. ಅವರ ಕಣ್ಣು ಅದರ ಜೊತೆ ಅಲ್ಲಿಯವರೆಗೂ ಹೋಗಿ ವಾಪಸು ಬಂದದ್ದನ್ನು ನಾನು ಕಂಡೆ. ಅವರು ಕಾದರು. ನಾನು ಒಂದು ಮಾತಾಡಿದ್ದರೆ ಸಾಕಿತ್ತು. ವೈರು ಸುತ್ತುತ್ತಲೇ ಇದ್ದೆ.

"ಬಸ್ಸಿಗೆ ಹೊತ್ತಾಯ್ತು" ಎಂದು ಅವರು ಬ್ಯಾಗು ಎತ್ತಿಕೊಂಡು ಹೋದರು.

ಅಕ್ಕ ಆಮೇಲೆ ಸಮ್ಮೇಳನಕ್ಕೆ ಹೋಗಲಿಲ್ಲ, ಕಥೆ ಬರೆಯಲಿಲ್ಲ. ಅಜ್ಜಂಪುರದ ಫೋನು ಬಂದರೆ ಎತ್ತುತ್ತಿರಲಿಲ್ಲ. ಸಂಜೆಯ ಫೋನು ಮತ್ತೆ ನನಗೇ ಬರತೊಡಗಿತು. ಊಟ ಆಯ್ತಾ, ಮಳೆ ಬಂತಾ, ಇಷ್ಟು. ನನಗೆ ಬೇಕಾಗಿದ್ದು ಸಿಕ್ಕಿತ್ತು, ಅದರೊಳಗೆ ಏನೂ ಇರಲಿಲ್ಲ. ಒಂದು ಸಲ ಟೀಚರ್ ನನಗೇ ಫೋನ್ ಮಾಡಿದರು. "ಅಕ್ಕ ಹುಷಾರಾಗಿದಾರೇನಪ್ಪಾ?" ಅಂದರು. "ಹ್ಞೂ ಟೀಚರ್" ಅಂದೆ. "ಮತ್ತೇನಾದ್ರೂ ಹೇಳೋದಿತ್ತಾ?" ಅಂದರು. "ಏನಿಲ್ಲ ಟೀಚರ್." "ಸರಿ ಬಿಡಪ್ಪಾ."

ಹೀಗೆ ವರ್ಷಗಳು ಹೋದವು. ಪೆಟ್ಟಿಗೆಯ ವಾಸನೆ ಬಂದ ದಿನ ನಾನು ಅದರ ಪ್ಲಗ್ ಕಿತ್ತು, ಅಂಗಡಿಯ ಷಟರ್ ಅರ್ಧ ಎಳೆದು, ಕಡೂರಿನ ಬಸ್ಸು ಹತ್ತಿದೆ. ಧೈರ್ಯ ಬಂದಿತ್ತೆಂದು ತಿಳಿಯಬೇಡಿ. ಇನ್ನೊಂದು ದಿನ ತಡೆದರೆ ಇನ್ನೊಂದು ವರ್ಷ ತಡೆಯುತ್ತೇನೆಂದು ನನ್ನ ಬಗ್ಗೆ ನನಗೆ ಗೊತ್ತಿತ್ತು.

ಅಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಕೂತು ಸುಲಿಯುತ್ತ, ತೊಟ್ಟಿಯ ಹಿಂದೆ ಕೂತದ್ದರಿಂದ ಹಿಡಿದು ಎಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಒಂದ್ಸಲ ಕೆಮ್ಮಿದ್ರೆ ಎದ್ದೋಗ್ತಿದ್ವಲ್ಲೋ" ಅಂದಳು.

"ಹ್ಞೂ."

"ಪ್ರಾರ್ಥನೆ ಕೇಳ್ದೆ, ಹೋಗ್ಲಿ. ಅವಳನ್ನ ನಾನು ಹಂಗ್ ಕೇಳ್ವಾಗ ಅಲ್ಲೇ ನಿಂತಿದ್ದೆಯಲ್ಲೋ ನೀನು."

"ಹ್ಞೂ ಅಕ್ಕ."

ಸಿಪ್ಪೆಯನ್ನು ಪಕ್ಕಕ್ಕೆ ಸರಿಸುತ್ತ, ತನ್ನಷ್ಟಕ್ಕೇ ಎಂಬಂತೆ, "ಅವಳಾದ್ರೂ ಯಾಕ್ ಹೇಳ್ಲಿಲ್ಲ?" ಅಂದಳು.

ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಬಹಳ ದಿನದಿಂದ ಇತ್ತು. "ನಿಂಗಿರೋದು ನಾನೊಬ್ನೇ ಅಂತ ಸುಮ್ನಾಗಿರ್ಬೇಕು. ನಮ್ಮಿಬ್ರಿಗೂ ಕೆಡೋದು ಬೇಡ ಅಂತ."

ಆಗ ಅಕ್ಕನ ಕೈ ನಿಂತಿತು. "ಅವಳೂ ಇದ್ಲಲ್ಲೋ ನಂಗೆ!" ಅಂದಳು. ಅಷ್ಟು ಜೋರಾಗಿ ಅವಳು ನನ್ನ ಮೇಲೆ ಎಂದೂ ಕೂಗಿರಲಿಲ್ಲ.

ಮಾರನೆಯ ದಿನ ಅವಳು ಅಜ್ಜಂಪುರಕ್ಕೆ ಹೊರಟಳು. ಜೊತೆಗೆ ಬರುತ್ತೇನೆ, ಟೀಚರ ಕಾಲಿಗೆ ಬೀಳುತ್ತೇನೆ ಎಂದೆ. "ನೀನ್ ಬೀಳೋದಿದ್ರೆ ಇನ್ನೊಂದಿನ ಒಬ್ನೇ ಹೋಗಿ ಬೀಳು. ಇವತ್ತು ಮೊದ್ಲು ಬೀಳ್ಬೇಕಾದವಳು ನಾನು" ಎಂದು ಕಡೂರು ಸ್ಟೇಷನ್ನಿನಲ್ಲಿ ನನ್ನ ಕೈಯಿಂದ ಚೀಲ ಕಿತ್ತುಕೊಂಡು ರೈಲು ಹತ್ತಿದಳು. ನಾನು ಆಮೇಲಿನ ವಾರ ಹೋದೆ. ಟೀಚರ್ ನನ್ನನ್ನು ಬೀಳಲು ಬಿಡಲಿಲ್ಲ. ಕಾಫಿ ಕೊಟ್ಟರು. "ನೀನ್ ತಡ ಮಾಡ್ಬಿಟ್ಟೆ ಕಣಪ್ಪಾ" ಎಂದು ಒಂದೇ ಮಾತು ಅಂದರು. ಕ್ಷಮಿಸಿದ್ದೇನೆ ಎನ್ನಲಿಲ್ಲ, ನಾನೂ ಕೇಳಲಿಲ್ಲ.

ಈಗ ಟೀಚರ್ ತಿಂಗಳಿಗೊಮ್ಮೆ ಕಡೂರಿಗೆ ಬರುತ್ತಾರೆ. ಇಬ್ಬರೂ ಅಡಿಗೆಮನೆಯಲ್ಲಿ ಕೂತು ಮಾತಿಗೆ ತೊಡಗಿದರೆ ನಾನು ಎದ್ದು ಬೀದಿಯ ಕೊನೆಯವರೆಗೆ ನಡೆದು ಬರುತ್ತೇನೆ. ಕಳೆದುಹೋದ ವರ್ಷಗಳಲ್ಲಿ ಬರೆಯದೇ ಹೋದ ಕಥೆಗಳನ್ನು ಅಕ್ಕ ಬರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ. ಅವಳಿಗೆ ಪ್ರಾರ್ಥನೆ ಬರುತ್ತಿದೆಯೋ, ಇನ್ನೂ ಟೀಚರೇ ಅವಳ ಪಾಲಿನದನ್ನೂ ಮಾಡುತ್ತಿದ್ದಾರೋ, ಅದೂ ಗೊತ್ತಿಲ್ಲ. ನಾನು ಕೇಳಿಲ್ಲ. ಕೇಳುವುದೂ ಇಲ್ಲ.