ಕಾರಿಗೂ ಬಚ್ಚಲಿಗೂ ಬೇರೆ ಬೇರೆ ತಂತಿ ಎಳೆಯುವ ಯಾಮಿಲೆತ್

ಪರಾಯ್ಸೊ ಊರಿನ ಮಂಜು ಇನ್ನೂ ಬೀದಿ ಬಿಟ್ಟು ಎದ್ದಿಲ್ಲ. ಓಲ್ಮನ್ ಎಂಬ ಯುವಕನ ಮರದ ಮನೆಯೊಳಗೆ ಎಲೆಕ್ಟ್ರಿಷಿಯನ್ ಯಾಮಿಲೆತ್ ಸೊಲಾನೊ ಮಂಡಿಯೂರಿ, ಕಾರು ಚಾರ್ಜ್ ಮಾಡುವ ಪ್ಲಗ್ ಪಾಯಿಂಟ್ ಬಿಚ್ಚುತ್ತಾರೆ. ಹಿಂದಿನ ಹಲಗೆ ಕರ್ರಗೆ ಸುಟ್ಟಿದೆ. ಅದರಾಚೆಗೇ ಓಲ್ಮನ್‌ನ ತಾಯಿ ಎಲಾದಿಯಾ ಮಲಗುವ ಮಂಚ. ಸುಟ್ಟ ವಾಸನೆಗೆ ಹೆದರಿ ಆಕೆ ಮೂರು ರಾತ್ರಿ ಕುರ್ಚಿಯಲ್ಲೇ ಕೂತಿದ್ದಾರೆ.

"ಲೈನ್ ಎಲ್ಲಿಂದ ಎಳ್ದೆ, ತಮ್ಮಾ?"

"ಬಚ್ಚಲ ಶವರ್‌ನಿಂದ, ಅಕ್ಕ. ಮನೇಲಿ ಅದೇ ಅಲ್ವಾ ದಪ್ಪ ತಂತಿ?"

"ಅಮ್ಮ ಬಿಸಿನೀರು ಬಿಟ್ಕೊಂಡಾಗ ಟ್ರಿಪ್ ಆಗ್ತಿರ್ಲಿಲ್ವಾ?"

"ಆಗ್ತಿತ್ತು. ಅದಕ್ಕೇ ದೊಡ್ಡ ಬ್ರೇಕರ್ ಹಾಕ್ಬಿಟ್ಟೆ."

ಯಾಮಿಲೆತ್ ಹಣೆ ಚಚ್ಚಿಕೊಳ್ಳುತ್ತಾರೆ. "ಭಲೇ! ತಂತಿ ಕಾಯ್ತು ಅಂತ ಕೂಗ್ಕೊಳ್ಳೋನ ಬಾಯಿ ಮುಚ್ಚಿಸಿದೆ ನೋಡು."

ಈ ಚಳಿಯೂರಿನಲ್ಲಿ ಸ್ನಾನದ ನೀರು ಶವರ್‌ನ ತಲೆಯೊಳಗಿನ ಕರೆಂಟ್ ಹೀಟರಿನಲ್ಲೇ ಬಿಸಿಯಾಗುತ್ತದೆ. ಕರೆಂಟಿನ ಕಾರುಗಳು ಬಂದ ಮೇಲೆ ಅರ್ಧ ಬೀದಿ ಆ ಶವರ್ ತಂತಿಗೇ ಕೈಹಾಕಿದೆ. ಯಾಮಿಲೆತ್ ಬೈಗುಳ ತಿನ್ನದ ಮನೆ ಕಮ್ಮಿ, ಇವರನ್ನು ನೆನೆಯದ ಮನೆ ಅದಕ್ಕಿಂತ ಕಮ್ಮಿ.

ಯಾಮಿಲೆತ್ ಹಗಲು ಕಾಫಿ ಹಣ್ಣು ಕೊಯ್ಯುತ್ತ, ಸಂಜೆ ಶಾಲೆಯಲ್ಲಿ ವೈರಿಂಗ್ ಕಲಿತವರು. ಮೊದಮೊದಲು ಮೇಸ್ತ್ರಿಗಳು ಇವರ ಕೈಗೆ ಕಾಫಿ ಸೋಸುವ ಬಟ್ಟೆ ಕೊಟ್ಟು ನಗುತ್ತಿದ್ದರು. "ಸೋಸ್ದೆ. ಸೋಸ್ತಾನೇ ಅವರ ಕೆಲಸ ನೋಡಿ ಕಲ್ತೆ," ಎನ್ನುತ್ತಾರೆ. ಚಿಕ್ಕಂದಿನಲ್ಲಿ ಇವರ ಮನೆ ಸುಟ್ಟದ್ದು ಹಾಸಿಗೆಯಡಿ ಕಾದ ಎಕ್ಸ್‌ಟೆನ್ಷನ್ ವೈರಿನಿಂದ. "ಎಲ್ರೂ ಉಳ್ಕೊಂಡ್ವಿ. ಅಕ್ಕಪಕ್ಕದೋರು ಬಾಗಿಲು ಒಡೆದ್ರು. ಆ ಋಣ ತೀರ್ಸ್ತಾ ಇದೀನಿ."

ಶವರ್‌ಗೆ ಮೊದಲಿನ ಬ್ರೇಕರ್ ಮರಳುತ್ತದೆ. ಕಾರಿಗೆಂದೇ ಮೇನ್ ಬೋರ್ಡಿನಿಂದ ಹೊಸ ದಪ್ಪ ತಂತಿ, ಅದಕ್ಕೆ ತಕ್ಕ ಬ್ರೇಕರ್, ಗಟ್ಟಿ ಪ್ಲಗ್ ಪಾಯಿಂಟ್. ಈ ಹಳೆಯ ಮನೆಯಲ್ಲಿ ಇಲ್ಲದೇ ಇದ್ದ ಅರ್ಥಿಂಗ್‌ಗೆ ಅಂಗಳದಲ್ಲಿ ಹೊಡೆದ ಸರಳು. ಚಾರ್ಜರ್ ಎಳೆಯುವ ಕರೆಂಟನ್ನೂ ತಗ್ಗಿಸುತ್ತಾರೆ.

"ನಿಧಾನ ಆಗತ್ತಲ್ಲ, ಅಕ್ಕ?"

"ರಾತ್ರಿಯೆಲ್ಲ ಕಾರಿಗೇನು ಮದುವೆಗೆ ಹೋಗೋದಿದ್ಯಾ? ಎಕ್ಸ್‌ಟೆನ್ಷನ್ ಮಾತ್ರ ಮುಟ್ಬೇಡ."

ಕಾರು ಗಂಟೆಗಟ್ಟಲೆ ಚಾರ್ಜಾದ ಮೇಲೆ ಯಾಮಿಲೆತ್ ಪ್ಲಗ್ಗಿಗೆ ಅಂಗೈ ಒತ್ತುತ್ತಾರೆ. ಬರೀ ಬೆಚ್ಚಗಿದೆ. ಎಲಾದಿಯಾ ಅದೇ ಕೈಗೆ ಕಾಫಿ ಲೋಟ ಇಡುತ್ತಾರೆ. "ನಿನ್ನ ಹೊಟ್ಟೆ ತಣ್ಣಗಿರ್ಲಿ ಮಗಳೇ. ಇವತ್ತು ಮಂಚದ ಮೇಲೆ ಮಲಗ್ತೀನಿ."

ಯಾಮಿಲೆತ್ ಕಾಫಿ ಕುಡಿದು ಲೋಟ ಮರಳಿಸುತ್ತಾರೆ. ಬೀದಿಗಿಳಿದ ಮೇಲೆ, ಏನಾದರೂ ಆಸೆ ಇದೆಯೇ ಎಂದರೆ ನಗುತ್ತಾರೆ.

"ಕಾರಿಗೆ ಪ್ಲಗ್ ಹಾಕಿ, ಹಾಕಿದ್ದೇ ಮರೆತು ಜನ ನಿದ್ದೆ ಹೋಗ್ಬೇಕು. ಜೊತೆಗೆ ನನ್ನೂ ಮರೀಲಿ, ಪರವಾಗಿಲ್ಲ."