ಮಾಸ್ಟ್ರು ತಿನ್ನದ ನೂಡಲ್ಸ್

ಮೂಡುಬಿದಿರೆಯಿಂದ ಮಡಂತ್ಯಾರಿನವರೆಗೆ ಯಾವ ಗಾಡಿಯ ನೂಡಲ್ಸ್ ಪಾರ್ಸೆಲ್ ಒಯ್ಯಬಹುದು ಎಂಬುದಕ್ಕೆ ಸನತ್‌ಕುಮಾರ ಮಾಸ್ಟ್ರ ಮಾತೇ ಕೊನೆ. ಜೈನರಾದ ಅವರು ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ, ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಗಾಡಿಗಳು ತೆರೆಯುವುದೇ ಮುಳುಗಿದ ಮೇಲೆ. ಆದ್ದರಿಂದ ಸ್ಕೂಟರಿನಿಂದ ಇಳಿಯದೆಯೇ ಬಾಣಲೆಯ ಸದ್ದು ಕೇಳಿ, ಹೊಗೆ ಮೂಸಿ, ಪಾರ್ಸೆಲಿಗೆ ನಿಂತವರಿಗೆ "ಸೋಯಾ ಸಾಸ್ ಹೆಚ್ಚಾಯ್ತು ಮಾರಾಯ, ಇಲ್ಲಿ ಬೇಡ" ಎನ್ನುತ್ತಾರೆ. ಒಮ್ಮೆಯೂ ತಪ್ಪಿದ್ದಿಲ್ಲ. ಅವರ ಬಾಯಿಂದ ಹೊಗಳಿಕೆ ಕೇಳಲೇಬೇಕೆಂದು ಪುತ್ತಿಗೆಯ ಭೋಜ ಒಂದು ದಿನ ನಾಲ್ಕು ಗಂಟೆಗೇ ಗಾಡಿ ತೆರೆದು, ಹೊಸ ಬಾಣಲೆಯಲ್ಲಿ ಬರೀ ಬೀನ್ಸ್ ಹಾಕಿ ನೂಡಲ್ಸ್ ಮಾಡಿಕೊಟ್ಟ. ಮಾಸ್ಟ್ರು ತಟ್ಟೆ ಬರಿದು ಮಾಡಿದರು. ಅಂದಿನಿಂದ ದಿನಾ ನಾಲ್ಕಕ್ಕೆ ಅವರು ಅಲ್ಲಿ ಹಾಜರು. ಆದರೆ ಆ ಗಾಡಿಯ ನೂಡಲ್ಸ್ ಹೇಗೆಂದು ಯಾರಾದರೂ ಕೇಳಿದರೆ ಕೈಮುಗಿಯುತ್ತಾರೆ: "ಅದೊಂದು ನನ್ನತ್ರ ಕೇಳ್ಬೇಡಿ. ಅವನ ಉಪ್ಪು ತಿಂದವ ನಾನು, ನ್ಯಾಯ ಹೇಳ್ಲಿಕ್ಕೆ ಆಗುದಿಲ್ಲ."